ಕ್ಷೇಮದ ಕಾವಲುಗಾರ

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲನೆಯ ಸಾಲಿನಲ್ಲಿಯೇ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಬಾಯಿಪಾಠವಾಗಿ ಹೋಗಿರುವ ಈ ಮಾತಿನಲ್ಲಿ ಎರಡು ಪದಗಳಿರುವುವು. ಇಲ್ಲದುದನ್ನು ಗಳಿಸುವುದು ಯೋಗ, ಗಳಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಭಾಷ್ಯಕಾರರು ಇದರ ಅರ್ಥವನ್ನು ಬಿಡಿಸಿರುವರು. ಇವೆರಡರಲ್ಲಿ ಲೋಕದ ಕಣ್ಣು ಯಾವಾಗಲೂ ಯೋಗದ ಕಡೆಗೇ ಹೊರಳುವುದು. ಮನೆಗೆ ಹೊಸ ಎಮ್ಮೆಯೊಂದು ಬಂದರೆ ಕೇರಿಗೆ ಕೇರಿಯೇ ನೋಡಲು ಬರುವುದು. ಇದ್ದ ಎಮ್ಮೆಯು ಹತ್ತು ವರ್ಷ ಕಾಯಿಲೆ ಕಸಾಲೆಯಿಲ್ಲದೆ ಹಾಲು ಕೊಟ್ಟರೆ, ಅದಕ್ಕೆ ಹುಲ್ಲು ನೀರು ನೋಡಿದವರ ಹೆಸರನ್ನು ಯಾರೂ ಎತ್ತುವುದಿಲ್ಲ. ಮಳೆಗಾಲದಲ್ಲಿ ಮಾಡು ಸೋರಿದರೆ ಹೆಂಚು ಹೊದಿಸಿದವನನ್ನು ಬೈಯುವೆವು; ಸೋರದಿದ್ದರೆ ಅವನ ನೆನಪೇ ನಮಗೆ ಬಾರದು.

ಈ ತಿಂಗಳು ವಾಚಕರ ಮುಂದೆ ನಾನು ಇಡಬೇಕೆಂದಿರುವುದು ಹೀಗೆ ಕ್ಷೇಮದ ಕೆಲಸಕ್ಕೆ ನಿಂತ ಒಬ್ಬ ಆಟಗಾರನ ಚರಿತ್ರೆಯನ್ನು. ಆತನ ಹೆಸರು ಕಾಲಿನ್ ಆಸ್ಟೆನ್, ದೇಶ ಆಸ್ಟ್ರೇಲಿಯಾ. 1920ರಲ್ಲಿ ಹುಟ್ಟಿ 1995ರಲ್ಲಿ ತೀರಿಕೊಂಡನು. ಮೆಲ್ಬರ್ನ್ ನಗರದಲ್ಲಿ ಆತನು ಆಡಿದ ಕಾಲ್ಚೆಂಡಿನ ಆಟಕ್ಕೂ ನಮ್ಮ ಹುಡುಗರು ಬಯಲಿನಲ್ಲಿ ಆಡುವ ಫುಟ್ಬಾಲಿಗೂ ಹೆಸರೊಂದರಲ್ಲಿ ಮಾತ್ರ ಹೋಲಿಕೆ. ನಮ್ಮವರ ಮಕ್ಕಳು ಎಷ್ಟೋ ಮಂದಿ ಈಗ ಆ ನಗರದಲ್ಲಿ ಸಂಸಾರ ಹೂಡಿರುವರು. ರಜೆಗೆ ಬರುವ ಮೊಮ್ಮಕ್ಕಳ ಕೈಯಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕಂಡು ಇದೆಂತಹ ಆಟವೆಂದು ಬೆರಗಾದ ಅಜ್ಜಂದಿರು ನಮ್ಮ ವಾಚಕರಲ್ಲಿಯೂ ಇರಬಹುದು. ಆದುದರಿಂದ ಮೊದಲು ಆಟದ ಕ್ರಮವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದುವರಿಯುವೆನು.

ಮೆಲ್ಬರ್ನಿನ ಕೆಲವರು ಗೃಹಸ್ಥರು ಸೇರಿ 1859ರಲ್ಲಿ ಈ ಆಟದ ನಿಯಮಗಳನ್ನು ಬರೆದರು. ಕ್ರಿಕೆಟ್ ಆಡುವ ದೊಡ್ಡ ದುಂಡನೆಯ ಬಯಲೇ ಇದರ ಕಣ. ಒಂದೊಂದು ಪಕ್ಷಕ್ಕೆ ಹದಿನೆಂಟು ಜನ. ಬಯಲಿನ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳನ್ನು ನೆಟ್ಟಿರುವರು. ನಡುವಿನ ಎರಡು ಎತ್ತರ, ಅತ್ತಿತ್ತಲಿನ ಎರಡು ಗಿಡ್ಡ. ಎತ್ತರದ ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಗೋಲು. ಅದಕ್ಕೆ ಆರು ಅಂಕ. ಎತ್ತರದ ಕಂಬಕ್ಕೂ ಗಿಡ್ಡ ಕಂಬಕ್ಕೂ ನಡುವೆ ಹೋದರೆ ಒಂದೇ ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಓಡುತ್ತ ಆಗಾಗ ನೆಲಕ್ಕೆ ತಟ್ಟಿ ಎತ್ತಿಕೊಳ್ಳಬೇಕು. ಜೊತೆಯವನಿಗೆ ಕೊಡುವುದಾದರೆ ಒದೆಯಬೇಕು, ಇಲ್ಲವೆ ಮುಷ್ಟಿಯಿಂದ ಗುದ್ದಿ ಕೊಡಬೇಕು; ಎಸೆಯುವಂತಿಲ್ಲ. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದವನಿಗೆ, ಯಾರೂ ಮೇಲೆ ಬೀಳದಂತೆ, ನಿಂತು ಒದೆಯುವ ಹಕ್ಕು ದೊರೆಯುವುದು. ಆ ಹಿಡಿತಕ್ಕಾಗಿ ಒಬ್ಬರ ಹೆಗಲ ಮೇಲೊಬ್ಬರು ನೆಗೆಯುವ ಕೋಲಾಹಲವನ್ನು ನೋಡಲೆಂದೇ ಸಾವಿರಾರು ಜನರು ನೆರೆಯುವರು.

ಆಟಗಾರರು ನಿಲ್ಲುವುದು ಸಾಲು ಸಾಲಾಗಿ. ಗೋಲು ಹೊಡೆಯುವವರ ಸಾಲುಗಳು ಎರಡು, ನಡುಸಾಲು ಒಂದು, ಕಾಯುವವರ ಸಾಲುಗಳು ಎರಡು. ಇವರ ಜೊತೆಗೆ ಚೆಂಡು ಹೋದೆಡೆಯಲ್ಲೆಲ್ಲ ಓಡುವ ಮೂವರು. ಕಾಯುವವರಲ್ಲಿ ಕಂಬಗಳ ಬಳಿಯಲ್ಲಿರುವವರನ್ನು ಬ್ಯಾಕ್ ಎಂದೂ, ಅವರ ಮುಂದಿನ ಸಾಲಿನವರನ್ನು ಹಾಫ್ ಬ್ಯಾಕ್ ಎಂದೂ ಕರೆಯುವರು. ನಮ್ಮ ಆಸ್ಟೆನ್ ನಿಂತಿದ್ದುದು ಹಾಫ್ ಬ್ಯಾಕ್ ಸಾಲಿನ ಪಕ್ಕದಲ್ಲಿ. ಎದುರು ಪಕ್ಷದ ಹೊಡೆತಗಾರನನ್ನು ನೆರಳಿನಂತೆ ಹಿಂಬಾಲಿಸುವುದು, ಚೆಂಡು ಅವನ ಕೈಗೆ ಸೇರುವ ಕ್ಷಣದಲ್ಲಿ ಮುಷ್ಟಿಯಿಂದ ಗುದ್ದಿ ಕೆಡಿಸುವುದು, ಸಿಕ್ಕಿದರೆ ಎತ್ತಿಕೊಂಡು ಮುಂದಿನವರಿಗೆ ಸಾಗಿಸುವುದು, ಇಷ್ಟೇ ಆ ಸ್ಥಾನದ ಧರ್ಮ. ತೀರ ಇಕ್ಕಟ್ಟಿಗೆ ಸಿಕ್ಕಿದಾಗ ರಕ್ಷಕನು ಚೆಂಡನ್ನು ತಾನೇ ಗಿಡ್ಡ ಕಂಬದ ಪಕ್ಕಕ್ಕೆ ತಳ್ಳಿ ಎದುರಾಳಿಗೆ ಒಂದು ಅಂಕವನ್ನು ಬಿಟ್ಟುಕೊಡುವುದೂ ಉಂಟು. ಆರು ಹೋಗುವ ಕಡೆ ಒಂದು ಹೋಯಿತೆಂದು ಆತನ ಲೆಕ್ಕ. ಸರ್ವನಾಶದ ಹೊತ್ತಿನಲ್ಲಿ ಒಂದಂಶವನ್ನು ಬಿಟ್ಟು ಉಳಿದುದನ್ನು ಉಳಿಸಿಕೊಳ್ಳುವ ಜಾಣ್ಮೆಯನ್ನು ನಮ್ಮ ನೀತಿಕಾರರು ಬಹುವಾಗಿ ಹೊಗಳಿರುವರು. ಆದರೆ ಆಟದ ಅಂಕಪಟ್ಟಿಯಲ್ಲಿ ಕಾಣುವುದು ಬಿಟ್ಟುಕೊಟ್ಟ ಆ ಒಂದೇ; ಉಳಿಸಿದ ಐದಕ್ಕೆ ಅಲ್ಲಿ ಸ್ಥಳವಿಲ್ಲ.

ಆಸ್ಟೆನ್ ಸೇರಿದ್ದ ತಂಡದ ಹೆಸರು ಹಾಥಾರ್ನ್. ವಿಕ್ಟೋರಿಯಾ ಪ್ರಾಂತದ ದೊಡ್ಡ ಪಂದ್ಯಮಂಡಲಿಯು 1897ರಲ್ಲಿ ಆಟವನ್ನು ಆರಂಭಿಸಿತು. ಹಾಥಾರ್ನ್ ಅದಕ್ಕೆ 1925ರಲ್ಲಿ ಕಾಲಿಟ್ಟ ಕಿರಿಯ ಬಂಧು. ಇಂದು ಆ ತಂಡವು ಹಲವು ಬಾರಿ ಕಿರೀಟ ಧರಿಸಿದ ಪ್ರಬಲ ಸಂಸ್ಥೆ. ಆದರೆ ಆಗಿನ ಕಥೆಯೇ ಬೇರೆ. ಸೇರಿದ ಮೇಲೆ ಮೂವತ್ತೆರಡು ವರ್ಷ ಕಾದು 1957ರಲ್ಲಿ ಮಾತ್ರ ಅದು ಕೊನೆಯ ಸುತ್ತಿನ ಪಂದ್ಯಗಳಿಗೆ ಮೊದಲು ಅರ್ಹವಾಯಿತು. ಮೊದಲನೆಯ ಕಿರೀಟ 1961ರಲ್ಲಿ ಬಂದಿತು. ಆಸ್ಟೆನ್ ಆಡಿದ 1940ರ ದಶಕದಲ್ಲಿ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹಾಥಾರ್ನ್ ಹೆಸರನ್ನು ಹುಡುಕಬೇಕಾದವರು ಕೆಳಗಿನಿಂದ ಓದಲು ತೊಡಗುವುದೇ ಸುಲಭವಾಗಿದ್ದಿತು. 1949ರಲ್ಲಂತೂ ಅದರದೇ ಕಟ್ಟಕಡೆಯ ಸ್ಥಾನ.

ಆ ವರ್ಷದ ಮೊದಲ ಪಂದ್ಯವೇ ಹಾಥಾರ್ನಿಗೆ ಅಪಶಕುನವಾಯಿತು. ಎಸೆಂಡನ್ ತಂಡದಲ್ಲಿ ಜಾನ್ ಕೋಲ್ಮನ್ ಎಂಬ ತರುಣನು ಅಂದು ಹೊಸದಾಗಿ ಕಣಕ್ಕಿಳಿದನು. ಇಳಿದ ಮೊದಲ ದಿನವೇ ಹಾಥಾರ್ನ್ ಮೇಲೆ ಹನ್ನೆರಡು ಗೋಲು ಹೊಡೆದನು. ವರ್ಷ ಮುಗಿಯುವುದರೊಳಗೆ ನೂರನ್ನು ಮುಟ್ಟಿದನು. ಆತನ ತಂಡವೇ ಕಿರೀಟವನ್ನು ಗೆದ್ದಿತು. ಇದು ಯೋಗದ ವೈಭವ. ಆ ದೇಶದಲ್ಲಿ ಕೋಲ್ಮನ್ನನ ಹೆಸರನ್ನು ಅರಿಯದ ಆಟಪ್ರೇಮಿಯಿಲ್ಲ. ಪ್ರತಿವರ್ಷ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಪದಕವೂ ಇಂದು ಆತನ ಹೆಸರಿನಲ್ಲಿಯೇ ಇರುವುದು. ಅದೇ ವರ್ಷ, ಹನ್ನೆರಡು ಗೋಲಿನ ಪೆಟ್ಟು ತಿಂದ ಆ ಬಡತಂಡದ ಹಿಂಬದಿಯಲ್ಲಿ ನಿಂತು ಆಡಿದ ಕಾವಲುಗಾರನಿಗೆ ಏನು ದೊರೆಯಿತೆಂಬುದನ್ನು ಈಗ ನೋಡೋಣ.

ಆ ಪಂದ್ಯಮಂಡಲಿಯಲ್ಲಿ ಬ್ರೌನ್‌ಲೋ ಪದಕವೆಂಬ ಬಹುಮಾನವುಂಟು. ಗೀಲಾಂಗ್ ಊರಿನ ಚಾರ್ಲ್ಸ್ ಬ್ರೌನ್‌ಲೋ ಎಂಬ ಹಿರಿಯ ಆಟಗಾರ ಮತ್ತು ಕಾರ್ಯಕರ್ತನ ಸ್ಮರಣೆಗಾಗಿ 1924ರಿಂದ ಇದನ್ನು ಕೊಡುತ್ತ ಬಂದಿರುವರು. ಇದನ್ನು ಕೊಡುವುದು ಕೇವಲ ಶ್ರೇಷ್ಠ ಆಟಗಾರನಿಗಲ್ಲ. ಅತ್ಯಂತ ನ್ಯಾಯವಾಗಿ ಆಡಿದ ಶ್ರೇಷ್ಠ ಆಟಗಾರನಿಗೆ. ಆ ವರ್ಷ ಅಧರ್ಮದ ಆಟಕ್ಕಾಗಿ ಪಂದ್ಯದಿಂದ ಹೊರಗಿಡುವ ದಂಡನೆಗೆ ಗುರಿಯಾದವನು ಎಷ್ಟೇ ಮತ ಗಳಿಸಿದರೂ ಪದಕಕ್ಕೆ ಅನರ್ಹನು. 1997ರಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದ ಕ್ರಿಸ್ ಗ್ರಾಂಟ್ ಎಂಬವನು ಈ ಕಾರಣದಿಂದಲೇ ಪದಕವನ್ನು ಕಳೆದುಕೊಂಡನು. ಮತ ಕೊಡುವವರು ಪತ್ರಿಕೆಯವರೂ ಅಲ್ಲ, ಪ್ರೇಕ್ಷಕರೂ ಅಲ್ಲ. ಕಣದಲ್ಲಿ ಓಡಾಡುವ ಅಂಪೈರು. 1949ರ ಕಾಲದಲ್ಲಿ ಒಂದು ಪಂದ್ಯಕ್ಕೆ ಇಂತಹ ಅಂಪೈರು ಒಬ್ಬನೇ. ಆಟ ಮುಗಿದೊಡನೆ ಆತನು ಎರಡು ಪಕ್ಷಗಳಿಂದಲೂ ಮೂವರನ್ನು ಆರಿಸಿ, ಮೊದಲನೆಯವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು ಮತವನ್ನು ಬರೆದು ಮುಚ್ಚಿಕೊಡುವನು. ವರ್ಷದ ಕೊನೆಯಲ್ಲಿ ಎಲ್ಲವನ್ನೂ ಒಡೆದು ಕೂಡುವರು.

ಈ ಏರ್ಪಾಟಿನಲ್ಲಿ ಒಂದು ಗುಣವುಂಟು. ಗೋಲು ಬಿದ್ದಾಗ ಜನರು ಕೂಗುವುದು ಹೊಡೆದವನ ಹೆಸರನ್ನು. ಆದರೆ ಚೆಂಡಿನ ಹಿಂದೆ ಓಡುವ ಅಂಪೈರಿನ ಕಣ್ಣಿಗೆ, ಬೀಳಬೇಕಾಗಿದ್ದು ಬೀಳದೆ ಹೋದ ಗೋಲೂ ಕಾಣುವುದು. ಸೋಲುವ ತಂಡದ ಹಿಂಬದಿಗೆ ಚೆಂಡು ಮತ್ತೆ ಮತ್ತೆ ನುಗ್ಗಿ ಬರುವುದು. ಅಲ್ಲಿನ ರಕ್ಷಕನಿಗೆ ಬಿಡುವೆಂಬುದಿಲ್ಲ. ಬಳಲಿಕೆಯಲ್ಲಿ ಎದುರಾಳಿಯ ಅಂಗಿ ಹಿಡಿದೆಳೆಯುವ, ಕಾಲು ಕೊಟ್ಟು ಕೆಡಹುವ ಆಸೆ ಬರುವುದೂ ಅಲ್ಲಿಯೇ. ಹನ್ನೆರಡನೆಯ ಸ್ಥಾನದ ತಂಡದಲ್ಲಿ, ವಾರವಾರವೂ ಸೋಲುತ್ತ, ನ್ಯಾಯ ತಪ್ಪದೆ, ಗೆದ್ದ ಪಕ್ಷದವರನ್ನೂ ಮೀರಿಸಿ ಅಂಪೈರುಗಳ ಮತವನ್ನು ಸಂಪಾದಿಸುವುದು ಎಂತಹ ಕೆಲಸವೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. 1949ರ ಮತಗಳನ್ನು ಕೂಡಿದಾಗ ಆಸ್ಟೆನ್ನನಿಗೆ ಇಪ್ಪತ್ತಮೂರು ಬಂದಿದ್ದಿತು. ಅದಕ್ಕಿಂತ ಹೆಚ್ಚು ಪಡೆದವರು ಹನ್ನೆರಡು ತಂಡಗಳಲ್ಲಿ ಯಾರೂ ಇರಲಿಲ್ಲ.

ಆದರೆ ಅಷ್ಟೇ ಪಡೆದವನೊಬ್ಬನಿದ್ದನು: ಸೌತ್ ಮೆಲ್ಬರ್ನ್ ತಂಡದ ರಾನ್ ಕ್ಲೆಗ್. ಆತನೂ ಹಾಫ್ ಬ್ಯಾಕ್ ಸಾಲಿನ ನಡುವಿನಲ್ಲಿ ನಿಂತು ಹೆಸರು ಪಡೆದ ವೀರನೇ. ಇಬ್ಬರಿಗೂ ಇಪ್ಪತ್ತಮೂರು. ಹೀಗಾದಾಗ ಏನು ಮಾಡಬೇಕೆಂಬುದಕ್ಕೆ ಒಂದು ನಿಯಮವಿದ್ದಿತು. ಸಮಸಮವಾದವರಲ್ಲಿ ಮೂರು ಮೂರು ಮತಗಳನ್ನು ಹೆಚ್ಚು ಬಾರಿ ಪಡೆದವನು ಯಾರೆಂದು ಹಿಂತಿರುಗಿ ಎಣಿಸಬೇಕು, ಅವನಿಗೇ ಪದಕ. ಹಾಗೆ ಎಣಿಸಿದಾಗ ಕ್ಲೆಗ್ ಮುಂದಾದನು. ಪದಕ ಆತನ ಕೊರಳಿಗೆ ಹೋಯಿತು. ಆಸ್ಟೆನ್ ಬರಿಗೈಯಲ್ಲಿ ಮನೆಗೆ ಹೋದನು.

ಮೇಲುನೋಟಕ್ಕೆ ಈ ನಿಯಮದಲ್ಲಿ ತಪ್ಪೇನೂ ಕಾಣುವುದಿಲ್ಲ. ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಒಬ್ಬನು ಎರಡು ಪಂದ್ಯಗಳಲ್ಲಿ ಮೂರು ಮೂರು ಮತ ಪಡೆದನೆನ್ನೋಣ, ಒಟ್ಟು ಆರು. ಇನ್ನೊಬ್ಬನು ಮೂರು ಪಂದ್ಯಗಳಲ್ಲಿ ಎರಡೆರಡು ಪಡೆದನು, ಅವನಿಗೂ ಆರು. ಹಿಂತಿರುಗಿ ಎಣಿಸುವ ನಿಯಮವು ಮೊದಲನೆಯವನನ್ನು ಮೇಲೆ ಕೂರಿಸುವುದು. ಏಕೆ? ಎರಡು ದಿನ ಎಲ್ಲರನ್ನೂ ಮೀರಿ ಹೊಳೆದವನು, ಮೂರು ದಿನ ಚೆನ್ನಾಗಿ ಆಡಿದವನಿಗಿಂತ ದೊಡ್ಡವನೆಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುವುದು. ಇದು ಬರಿಯ ಗಣಿತವಲ್ಲ. ಗಣಿತದ ವೇಷವನ್ನು ತೊಟ್ಟ ಒಂದು ಅಭಿಪ್ರಾಯ. ಬೇಕೆಂದರೆ ಇದನ್ನು ತಿರುವಿ ಹಾಕಿ, ಹೆಚ್ಚು ದಿನ ಕಣ್ಣಿಗೆ ಬಿದ್ದವನಿಗೆ ಪದಕವೆಂದೂ ನಿಯಮವನ್ನು ಬರೆಯಬಹುದಾಗಿದ್ದಿತು. ಬರೆದವರು ಹಾಗೆ ಬರೆಯಲಿಲ್ಲ, ಅಷ್ಟೆ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದ ನನಗೆ ಈ ಇಕ್ಕಟ್ಟು ಹೊಸದಲ್ಲ. ವಾರ್ಷಿಕೋತ್ಸವದ ಹೊತ್ತಿಗೆ ಸಂಸ್ಕೃತದ ಬಹುಮಾನಕ್ಕೆ ಇಬ್ಬರು ಮಕ್ಕಳು ಸಮನಾದ ಅಂಕ ಪಡೆದು ನಿಲ್ಲುವುದು ಎಲ್ಲ ಪಾಠಶಾಲೆಗಳಲ್ಲಿಯೂ ನಡೆಯುವ ಸಂಗತಿ. ಕೊಡಲು ಇರುವುದು ಒಂದೇ ಪುಸ್ತಕ. ಆಗ ಉಪಾಧ್ಯಾಯರು ಸೇರಿ ವ್ಯಾಕರಣದಲ್ಲಿ ಹೆಚ್ಚು ಬಂದವನಾರು, ಹಾಜರಿ ಹೆಚ್ಚು ಇರುವವನಾರು ಎಂದು ಕೆದಕುವರು. ಕೆದಕಿದರೆ ಏನಾದರೂ ಒಂದು ಭೇದ ಸಿಕ್ಕಿಯೇ ಸಿಕ್ಕುವುದು. ಸಿಕ್ಕಿದ ಭೇದವು ಯೋಗ್ಯತೆಯ ಭೇದವೇ ಎಂಬುದನ್ನು ಯಾರೂ ಕೇಳುವುದಿಲ್ಲ. ನಮಗೆ ಬೇಕಾಗಿದ್ದುದು ನ್ಯಾಯವಲ್ಲ, ಒಂದು ಪುಸ್ತಕಕ್ಕೆ ಒಬ್ಬ ಹುಡುಗ. ಇನ್ನೊಂದು ಪುಸ್ತಕವನ್ನು ಕೊಂಡು ತಂದಿದ್ದರೆ ಚರ್ಚೆಯೇ ಬೇಕಾಗಿರಲಿಲ್ಲ. ಮೆಲ್ಬರ್ನಿನ ಹಿರಿಯರಿಗೂ ಆಗಿದ್ದುದು ಇದೇ. ಪದಕ ಒಂದೇ ಇರಬೇಕೆಂಬ ಹಟವನ್ನು ಬಿಡಲಾರದೆ ಅವರು ಎಣಿಕೆಯ ಮೊರೆಹೊಕ್ಕರು.

ಇದರಲ್ಲಿ ಕ್ಲೆಗ್ಗನ ತಪ್ಪೇನೂ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆತನು ಕಸಿದುಕೊಂಡುದಲ್ಲ, ನಿಯಮವು ಕೊಟ್ಟುದನ್ನು ಪಡೆದನು, ಅದಕ್ಕೆ ತಕ್ಕವನೂ ಆಗಿದ್ದನು. ಒಬ್ಬನಿಗೆ ಆದ ಅನ್ಯಾಯವನ್ನು ಹೇಳುವಾಗ ಇನ್ನೊಬ್ಬನನ್ನು ಕಳ್ಳನನ್ನಾಗಿ ಮಾಡುವುದು ಕಥೆ ಹೇಳುವವರಿಗೆ ಸುಲಭ. ಆದರೆ ಸತ್ಯಕ್ಕೆ ದೂರ.

ಆಸ್ಟೆನ್ನನ ಆ ವರ್ಷದ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಹಾಥಾರ್ನ್ ತಂಡಕ್ಕೆ ಅಲೆಕ್ ಆಲ್ಬಿಸ್ಟನ್ ಎಂಬವನು ನಾಯಕನೂ ಶಿಕ್ಷಕನೂ ಆಗಿದ್ದನು. ಸೋಲಿನಿಂದ ಬೇಸತ್ತ ಆಡಳಿತದವರು 1950ಕ್ಕೆ ಬಾಬ್ ಮೆಕ್ಯಾಸ್ಕಿಲ್ ಎಂಬವನನ್ನು ಶಿಕ್ಷಕನನ್ನಾಗಿ ಕರೆತಂದರು. ನಾಯಕತ್ವವನ್ನು ಆಲ್ಬಿಸ್ಟನ್ನನಿಂದ ತೆಗೆದು ಕೆವಿನ್ ಕರನ್ ಎಂಬವನಿಗೆ ಕೊಟ್ಟರು. ತಂಡ ಎರಡು ಹೋಳಾಯಿತು. ಆಸ್ಟೆನ್ ತನ್ನ ಹಳೆಯ ನಾಯಕನ ಪಕ್ಷವನ್ನು ಹಿಡಿದನು. ಅದರ ಫಲವಾಗಿ ಇಬ್ಬರೂ ತಂಡವನ್ನು ಬಿಡಬೇಕಾಯಿತು. ಆಲ್ಬಿಸ್ಟನ್ ನಾರ್ತ್ ಮೆಲ್ಬರ್ನಿಗೆ ಹೋದನು, ಆಸ್ಟೆನ್ ರಿಚ್ಮಂಡಿಗೆ. ಪಂದ್ಯಮಂಡಲಿಯಲ್ಲಿ ಯಾರಿಗೂ ಕಡಮೆಯಿಲ್ಲದ ಮತ ಪಡೆದ ರಕ್ಷಕನನ್ನು ಕೆಲವು ತಿಂಗಳೊಳಗೆ ಆತನ ತಂಡವೇ ಹೊರಗೆ ಕಳುಹಿಸಿತು.

ಕಣದಲ್ಲಿ ಕಾಯುವುದನ್ನೇ ಕಲಿತವನಿಗೆ ಕಣದ ಹೊರಗೂ ಅದೇ ಸ್ವಭಾವ ಬಂದಿದ್ದಿತೆಂದು ನನಗೆ ತೋರುವುದು. ಅಧಿಕಾರ ಕಳೆದುಕೊಂಡವನ ಬೆನ್ನಿಗೆ ನಿಲ್ಲುವುದರಲ್ಲಿ ಲಾಭವಿಲ್ಲ. ಹೊಸ ನಾಯಕನ ಬಳಿಗೆ ಸರಿಯುವುದೇ ಲೋಕದ ದಾರಿ. ಆಡಳಿತದವರ ಪಕ್ಷದಲ್ಲಿಯೂ ನ್ಯಾಯವಿದ್ದಿರಬಹುದು. ವರ್ಷಗಟ್ಟಲೆ ಸೋಲುವ ತಂಡಕ್ಕೆ ಹೊಸ ದಾರಿ ಹುಡುಕುವುದು ಅವರ ಕರ್ತವ್ಯ. ಆದರೆ ಹಿಂದಣ ಸಾಲನ್ನು ಬರಿದುಮಾಡಿಕೊಂಡ ಆ ತಂಡಕ್ಕೆ ಮುಂದಿನ ವರ್ಷ ಒದಗಿದ ಗತಿಯು ಆಟದ ಚರಿತ್ರೆಯಲ್ಲಿ ದಾಖಲಾಗಿರುವುದು. 1950ರಲ್ಲಿ ಹಾಥಾರ್ನ್ ಆಡಿದ ಪಂದ್ಯಗಳು ಹದಿನೆಂಟು; ಸೋತುವೂ ಹದಿನೆಂಟು. ಒಬ್ಬ ಆಸ್ಟೆನ್ ಇದ್ದಿದ್ದರೆ ಎಲ್ಲವೂ ಸರಿಯಾಗುತ್ತಿದ್ದಿತೆಂದು ನಾನು ಹೇಳಲಾರೆನು. ಒಂದು ಕಂಬದ ಮೇಲೆ ಮನೆ ನಿಲ್ಲುವುದಿಲ್ಲ. ಆದರೆ ಬೀಳುವ ಮನೆಯಿಂದ ಇದ್ದ ಕಂಬವನ್ನೂ ಕಿತ್ತು ಕೊಡುವವರನ್ನು ಏನೆನ್ನಬೇಕು? ಆಸ್ಟೆನ್ ರಿಚ್ಮಂಡಿನಲ್ಲಿ 1952ರವರೆಗೆ ಆಡಿ ಆ ಮಂಡಲಿಯ ಕಣದಿಂದ ನಿವೃತ್ತನಾದನು. ಹಾಥಾರ್ನ್ ತಂಡದ ಇನ್ನೊಬ್ಬನು ಬ್ರೌನ್‌ಲೋ ಪದಕವನ್ನು ಮುಟ್ಟಲು 1986ರವರೆಗೆ ಕಾಯಬೇಕಾಯಿತು.

ಹೀಗೆ ಎಣಿಕೆಯಲ್ಲಿ ಹಿಂದೆ ಬಿದ್ದವನು ಆಸ್ಟೆನ್ ಒಬ್ಬನೇ ಅಲ್ಲ. 1930ರಲ್ಲಿ ಸ್ಟಾನ್ ಜಡ್ಕಿನ್ಸ್, ಹ್ಯಾರಿ ಕೋಲಿಯರ್, ಅಲನ್ ಹಾಪ್ಕಿನ್ಸ್ ಎಂಬ ಮೂವರೂ ಸಮನಾಗಿ ನಿಂತರು. ಆಗ ಇಂತಹ ನಿಯಮವೇ ಇರಲಿಲ್ಲ. ಕಡಮೆ ಪಂದ್ಯಗಳನ್ನು ಆಡಿದ್ದ ಜಡ್ಕಿನ್ಸನಿಗೆ ಪದಕವನ್ನು ಕೊಟ್ಟರು. ಎಂದರೆ ಹೆಚ್ಚು ದಿನ ದುಡಿದುದೇ ಉಳಿದಿಬ್ಬರ ಅಪರಾಧವಾಯಿತು! ಮೂರು, ಎರಡು, ಒಂದು ಎಂಬ ಮತಪದ್ಧತಿಯೂ ಹಿಂತಿರುಗಿ ಎಣಿಸುವ ಕ್ರಮವೂ ಬಂದುದು ಆ ಮೇಲೆ. 1940ರಲ್ಲಿ ಹರ್ಬಿ ಮ್ಯಾಥ್ಯೂಸ್ ಮತ್ತು ಡೆಸ್ ಫೋಥರ್‌ಗಿಲ್ ಇಬ್ಬರೂ ಹೇಗೆ ಎಣಿಸಿದರೂ ಸಮವೇ ಆದರು. ಮಂಡಲಿಯವರು ಅಸಲು ಪದಕವನ್ನು ತಾವೇ ಇಟ್ಟುಕೊಂಡು ಇಬ್ಬರಿಗೂ ಅದರ ಪ್ರತಿಕೃತಿಗಳನ್ನು ಕೊಟ್ಟು ಕಳುಹಿಸಿದರು. 1952ರಲ್ಲಿ ಬಿಲ್ ಹಚಿಸನ್, 1965ರಲ್ಲಿ ನೋಯೆಲ್ ಟೀಸ್ಡೇಲ್ ಎಣಿಕೆಯಲ್ಲಿ ಕಳೆದುಕೊಂಡರು. 1959ರಲ್ಲಿ ಕಳೆದುಕೊಂಡ ವರ್ಡನ್ ಹೊವೆಲ್ ಆಸ್ಟೆನ್ನನಂತೆಯೇ ರಕ್ಷಕನು. ಸೇಂಟ್ ಕಿಲ್ಡಾ ತಂಡದಲ್ಲಿ ಗೋಲಿನ ಬಾಯಲ್ಲಿಯೇ ನಿಂತು ಕಾಯುತ್ತಿದ್ದವನು. 1951ರಲ್ಲಿ ಬರ್ನಿ ಸ್ಮಿತ್, 1955ರಲ್ಲಿ ಫ್ರೆಡ್ ಗೋಲ್ಡ್ಸ್ಮಿತ್ ಎಂಬ ಇಬ್ಬರು ರಕ್ಷಕರಿಗೆ ಈ ಪದಕ ಸಂದಿತು. ಆದುದರಿಂದ ಕಾವಲುಗಾರರನ್ನು ಅಂಪೈರುಗಳು ಕಾಣುತ್ತಲೇ ಇರಲಿಲ್ಲವೆಂದು ಹೇಳಲಾಗದು. ಆದರೂ ಈಚಿನ ದಶಕಗಳಲ್ಲಿ ಪದಕ ಪಡೆದವರಲ್ಲಿ ಬಹುಮಂದಿ ನಡುಸಾಲಿನ ಓಟಗಾರರೇ.

ಕಾಲಕ್ರಮದಲ್ಲಿ ಜನರ ಮನಸ್ಸು ತಿರುಗಿತು. 1980ರ ಹೊತ್ತಿಗೆ ಹಿಂತಿರುಗಿ ಎಣಿಸುವ ನಿಯಮವನ್ನು ತೆಗೆದುಹಾಕಿದರು. 1981ರಲ್ಲಿ ಬ್ಯಾರಿ ರೌಂಡ್ ಮತ್ತು ಬರ್ನಿ ಕ್ವಿನ್ಲನ್ ಎಂಬಿಬ್ಬರು ಸಮನಾದಾಗ ಇಬ್ಬರಿಗೂ ಪದಕ ದೊರೆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಪದಕದ ಬೆಲೆಯೂ ಕುಗ್ಗಲಿಲ್ಲ. ಆಗ ಸಹಜವಾಗಿ ಒಂದು ಪ್ರಶ್ನೆಯೆದ್ದಿತು: ಇಂದು ಇಬ್ಬರಿಗೆ ಕೊಡುವುದು ನ್ಯಾಯವಾದರೆ ಅಂದು ಒಬ್ಬನಿಗೆ ಮಾತ್ರ ಕೊಟ್ಟುದು ಏನು? ಇದಕ್ಕೆ ಉತ್ತರವಾಗಿ 1989ರಲ್ಲಿ ಪಂದ್ಯಮಂಡಲಿಯು ಹಿಂದಿನ ಕಡತಗಳನ್ನು ತೆಗೆದು, ಮೇಲೆ ಹೇಳಿದ ಎಂಟು ಮಂದಿಗೂ ಪದಕವನ್ನು ಕೊಡುವುದೆಂದು ನಿಶ್ಚಯಿಸಿತು. ಕಾಲಿನ್ ಆಸ್ಟೆನ್ 1949ನೆಯ ಇಸವಿಯ ಪದಕವನ್ನು ಪಡೆದಾಗ ನಲವತ್ತು ವರ್ಷ ಕಳೆದಿದ್ದಿತು. ಆತನಿಗೆ ಎಪ್ಪತ್ತು ಸಮೀಪಿಸಿದ್ದಿತು. ಕ್ಲೆಗ್ಗನ ಪದಕವನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ. ಆತನ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರನ್ನು ಬರೆದರು, ಅಷ್ಟೇ. ಒಬ್ಬನಿಗೆ ನ್ಯಾಯವನ್ನು ಕೊಡಲು ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕಾಗಿರಲಿಲ್ಲವೆಂಬುದು ಇಷ್ಟು ತಡವಾಗಿ ತಿಳಿಯಿತು.

ತಡವಾದುದಕ್ಕೆ ತೆರಬೇಕಾದ ಬೆಲೆಯೂ ಇದ್ದಿತು. ಬಿಲ್ ಹಚಿಸನ್ 1982ರಲ್ಲಿಯೇ ಕಾಲವಾಗಿದ್ದನು. ಹರ್ಬಿ ಮ್ಯಾಥ್ಯೂಸ್ ಎರಡು ವರ್ಷ ಮೊದಲು, 1987ರಲ್ಲಿ. ಹಚಿಸನ್ನನಿಗೆ 1953ರ ಪದಕವಾದರೂ ಕೈಸೇರಿದ್ದಿತು. ಮ್ಯಾಥ್ಯೂಸನು ಅಸಲು ಪದಕವನ್ನು ಕೊರಳಲ್ಲಿ ಕಾಣಲೇ ಇಲ್ಲ. ಆಸ್ಟೆನ್ನನಿಗೂ ದೊರೆತುದು ಪದಕವೇ ಹೊರತು ಕಳೆದುಹೋದ ನಲವತ್ತು ವರ್ಷಗಳಲ್ಲ. ಪದಕವಿದ್ದವನೆಂಬ ಗೌರವದಿಂದ ಹಾಥಾರ್ನ್ ಆತನನ್ನು 1950ರಲ್ಲಿ ಉಳಿಸಿಕೊಳ್ಳುತ್ತಿದ್ದಿತೋ ಏನೋ, ಈಗ ಹೇಳುವವರು ಯಾರು?

ಹಾಗಾದರೆ ತಡವಾಗಿ ಕೊಟ್ಟ ನ್ಯಾಯವು ನ್ಯಾಯವೇ ಅಲ್ಲವೆಂದು ತಳ್ಳಿಹಾಕಬಹುದೆ? ಹಾಗೆ ನನಗೆ ತೋರುವುದಿಲ್ಲ. ಸಾಲ ಕೊಟ್ಟವನು ಬಡ್ಡಿಯನ್ನು ಬಿಟ್ಟರೂ ಅಸಲನ್ನು ಪಡೆದಾಗ ಸಮಾಧಾನಪಡುವನು. ತಾನು ಕೊಟ್ಟಿದ್ದೆನೆಂಬ ಮಾತು ಸುಳ್ಳಾಗಲಿಲ್ಲವಲ್ಲ ಎಂಬ ಸಮಾಧಾನ ಅದು. 1949ರ ಚಳಿಗಾಲದ ಮಧ್ಯಾಹ್ನಗಳಲ್ಲಿ, ಕೆಸರಿನ ಕಣದಲ್ಲಿ, ಬೇರೆ ಬೇರೆ ಅಂಪೈರುಗಳು ಸೋತ ತಂಡದ ಒಬ್ಬ ರಕ್ಷಕನ ಹೆಸರನ್ನು ತಮ್ಮ ಚೀಟಿಗಳಲ್ಲಿ ಬರೆದಿದ್ದರು. ಅವರ ಕಣ್ಣು ಮೋಸಹೋಗಿರಲಿಲ್ಲವೆಂದು 1989ರಲ್ಲಿ ಲೋಕವು ಒಪ್ಪಿತು. ಬದುಕಿದ್ದಾಗಲೇ ಆ ಮಾತನ್ನು ಕಿವಿಯಾರೆ ಕೇಳಿದ್ದು ಆಸ್ಟೆನ್ನನ ಪುಣ್ಯ.

ಇದಕ್ಕೊಂದು ಉಪಸಂಹಾರವೂ ಉಂಟು. 2012ರಲ್ಲಿ ಪದಕ ಪಡೆದಿದ್ದ ಎಸೆಂಡನ್ ತಂಡದ ಆಟಗಾರನೊಬ್ಬನು, ನಿಷಿದ್ಧ ಔಷಧಗಳ ಪ್ರಕರಣದಿಂದಾಗಿ, 2016ರಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಆ ವರ್ಷ ಎರಡನೆಯ ಸ್ಥಾನದಲ್ಲಿ ಸಮಸಮವಾಗಿ ನಿಂತಿದ್ದವರು ಇಬ್ಬರು: ಸ್ಯಾಮ್ ಮಿಚೆಲ್ ಮತ್ತು ಟ್ರೆಂಟ್ ಕಾಚಿನ್. ಈ ಬಾರಿ ಯಾರೂ ಹಿಂತಿರುಗಿ ಎಣಿಸಲಿಲ್ಲ. ಇಬ್ಬರನ್ನೂ ಕರೆದು ಒಂದೊಂದು ಪದಕವನ್ನು ಕೊಟ್ಟರು. ಮಿಚೆಲ್ ಹಾಥಾರ್ನ್ ತಂಡದವನು, ಕಾಚಿನ್ ರಿಚ್ಮಂಡಿನವನು. ಆಸ್ಟೆನ್ ಕಾಯ್ದ ಎರಡು ಮನೆಗಳೂ ಅವೇ ಅಲ್ಲವೆ? ಕಾಕತಾಳೀಯವೆಂದು ಕರೆಯುವವರು ಕರೆಯಲಿ; ಓದಿದಾಗ ನನಗಂತೂ ಸಂತೋಷವಾಯಿತು.

ವಾಚಕರ ಮನೆಗಳಲ್ಲಿಯೂ ಇಂತಹ ಹಿಂದಣ ಸಾಲಿನವರು ಇದ್ದೇ ಇರುವರು. ಸಂಪಾದಿಸಿ ತಂದವನ ಹೆಸರು ಮನೆಯ ಬಾಗಿಲ ಮೇಲೆ ಇರುವುದು. ತಂದುದು ಸೋರಿಹೋಗದಂತೆ ನೋಡಿಕೊಂಡವಳ ಹೆಸರನ್ನು ಅಂಚೆಯವನೂ ಅರಿಯನು. ಹಟ್ಟಿಯಲ್ಲಿ ದನ ನೋಡುವ ಮುದುಕ, ರಾತ್ರಿ ಬಾಗಿಲಿನ ಅಗುಳಿ ಬಿದ್ದಿದೆಯೆ ಎಂದು ಮೂರು ಬಾರಿ ಎದ್ದು ನೋಡುವ ಅತ್ತೆಮ್ಮ, ತಮ್ಮಂದಿರ ಓದಿಗಾಗಿ ತಾನು ಓದನ್ನು ಬಿಟ್ಟು ಜಮೀನಿನಲ್ಲಿ ನಿಂತ ಅಣ್ಣ, ಇವರಿಗೆಲ್ಲ ಮತ ಬರೆಯುವ ಅಂಪೈರು ಯಾರು? ನಾವೇ ಆಗಬೇಕು. ನಲವತ್ತು ವರ್ಷ ಕಳೆದ ಮೇಲೆ, ಶ್ರಾದ್ಧದ ದಿನ ಎಲೆಯ ಮುಂದೆ ಕುಳಿತು ಅವರ ಗುಣವನ್ನು ಹೊಗಳುವುದಕ್ಕಿಂತ, ಅವರು ಎದುರಿಗೆ ಇರುವಾಗಲೇ ಒಂದು ಒಳ್ಳೆಯ ಮಾತನ್ನು ಆಡಿಬಿಡುವುದು ಮೇಲು. ಅದಕ್ಕೆ ಪದಕವೂ ಬೇಡ, ಎಣಿಕೆಯೂ ಬೇಡ.